ನಡುಮನೆಯೊಳಗಿನ ಓಣಿ

ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಬಲಮೂಲೆಯಲ್ಲಿ ಅಂಗೈ ಅಗಲದ ಒಂದು ಹಳದಿ ಕಲೆ ಇತ್ತು. ದಿನವೂ ಸೋಪಿನ ನೊರೆ ಅದರ ಮೇಲೆ ಹರಿದುಹೋಗುತ್ತಿದ್ದರೂ ಅದು ಮಾಸುತ್ತಿರಲಿಲ್ಲ. ಅರಿಶಿನ ಬಿದ್ದ ಯಾವುದೋ ಸೀರೆಯನ್ನು ಉಜ್ಜಿದ ಗುರುತಿರಬೇಕೆಂದು ನಾನು ಬಹಳ ತಿಂಗಳು ಅಂದುಕೊಂಡಿದ್ದೆ.

ಹೋದ ತಿಂಗಳು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ತೆರಕಣಾಂಬಿ ದಾಟಿದ ಮೇಲೆ ಕಿಟಕಿಯಿಂದ ಅರಿಶಿನ ಬೇಯಿಸುವ ವಾಸನೆ ಬಂತು. ಹೊಲದ ಬದಿಯಲ್ಲಿ ಕೊಪ್ಪರಿಗೆ ಹೂಡಿ ಕೆಳಗೆ ಬೆಂಕಿ ಹಾಕಿದ್ದರು. ಅಡುಗೆಯದೂ ಅಲ್ಲದ, ಹಸಿಮಣ್ಣಿನದೂ ಅಲ್ಲದ ವಾಸನೆ ಅದು. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು ನನ್ನ ಕಡೆ ನೋಡಿದಳು. ನಾನು ಕಿಟಕಿ ಮುಚ್ಚಲಿಲ್ಲ. ಆ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಬರಿಗಾಲುಗಳ ಸದ್ದು.

ಎರಡು ವರ್ಷದ ಹಿಂದಿನ ಮಾತು, ಚಾಮರಾಜನಗರ ಜಿಲ್ಲೆಯಾದ ವರ್ಷ ಅದು. ಮೈಸೂರಿನಲ್ಲಿ ಭೂಗೋಳದಲ್ಲಿ ಎಂ.ಎ. ಮುಗಿಸಿದ್ದ ನನಗೆ ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ತಾತ್ಕಾಲಿಕ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಅಲ್ಲಿ ಒಬ್ಬಳೇ ರೂಮು ಮಾಡಿಕೊಂಡಿರುವುದಕ್ಕೆ ಮನೆಯಲ್ಲಿ ಒಪ್ಪಲಿಲ್ಲ. ಚಾಮರಾಜನಗರದಲ್ಲಿ ಅಮ್ಮನ ತಂಗಿಯ ಮನೆಯಿತ್ತು; ಅಲ್ಲಿಂದ ದಿನವೂ ಬಸ್ಸಿನಲ್ಲಿ ಹೋಗಿಬರುವುದೆಂದು ತೀರ್ಮಾನವಾಯಿತು. ಚಿಕ್ಕಪ್ಪ ಸರ್ಕಾರಿ ನೌಕರರು. ಊರು ಜಿಲ್ಲೆಯಾಗುತ್ತದೆ ಎಂಬ ಮಾತು ಹಬ್ಬಿದಾಗಲೇ ಅಂಚಿನ ಹೊಸ ಬಡಾವಣೆಯೊಂದರಲ್ಲಿ ಸೈಟು ಹಿಡಿದು, ಆ ಬೇಸಿಗೆಯಲ್ಲಷ್ಟೇ ಗೃಹಪ್ರವೇಶ ಮಾಡಿದ್ದರು. ಮುಂಬಾಗಿಲಿಗೆ ಕಟ್ಟಿದ್ದ ಮಾವಿನೆಲೆಯ ತೋರಣ ಒಣಗಿ ಕಂದಾಗಿತ್ತು. ಅದನ್ನು ತೆಗೆಯಲು ಅವರಿಗೆ ಮನಸ್ಸಿರಲಿಲ್ಲ.

ಆಗ ಊರಿನ ಸುತ್ತ ಎಲ್ಲಿ ನೋಡಿದರೂ ಹೊಲಗಳಲ್ಲಿ ಬಿಳಿ ಬಳಿದ ಸೈಟಿನ ಕಲ್ಲುಗಳು. ಪ್ರತಿ ಬಡಾವಣೆಗೂ ಒಂದೊಂದು ಕಮಾನು. ಕಮಾನಿನೊಳಗೆ ಅಚ್ಚುಕಟ್ಟಾದ ಅಡ್ಡರಸ್ತೆಗಳು, ಪ್ರತಿ ಅಡ್ಡರಸ್ತೆಯ ಕೊನೆಗೂ ಒಂದು ಗೋಡೆ. ಪಕ್ಕದ ಬಡಾವಣೆಯ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ಕೆಮ್ಮು ಬರುತ್ತಿತ್ತು. ಅಲ್ಲಿಗೆ ಹೋಗಬೇಕೆಂದರೆ ಮಾತ್ರ ಹೊರಗೆ ದೊಡ್ಡ ರಸ್ತೆಗೆ ಬಂದು, ಇನ್ನೊಂದು ಕಮಾನು ಹುಡುಕಿ ಒಳಗೆ ಹೋಗಬೇಕು. ಊರು ಬೆಳೆಯುತ್ತಿತ್ತು, ಅದರ ತುಂಡುಗಳು ಒಂದನ್ನೊಂದು ಮುಟ್ಟುತ್ತಿರಲಿಲ್ಲ.

ನಮ್ಮ ಹಿತ್ತಿಲ ಗೋಡೆಯೇ ಬಡಾವಣೆಯ ಗಡಿಗೋಡೆ. ಅದರಾಚೆ ಹಳೆಯ ಬೀದಿ. ಕೂಲಿ ಮಾಡುವವರ, ಚೂರುಪಾರು ಹೊಲ ಇರುವವರ ಹೆಂಚಿನ ಮನೆಗಳು. ಆ ಕಡೆಯಿಂದ ಯಾರೂ ಈ ಕಡೆ ನಡೆದು ಬರಬಾರದೆಂದೇ, ಸೈಟುಗಳು ಮಾರಾಟವಾಗುವ ಮುಂಚೆಯೇ ಬಡಾವಣೆ ಮಾಡಿದವನು ಆ ಗೋಡೆ ಎಬ್ಬಿಸಿದ್ದ.

ಗೋಡೆಯ ಮೇಲೆ ದಿನವೂ ಒಂದು ತಲೆ ಕಾಣಿಸುತ್ತಿತ್ತು. ಅದು ದೊಡ್ಡತಾಯಮ್ಮನದು. ಆ ಕಡೆ ಒಂದು ಹಳೆಯ ಒರಳನ್ನು ಮಗುಚಿ ಹಾಕಿಕೊಂಡು ಅದರ ಮೇಲೆ ಹತ್ತಿ ನಿಲ್ಲುತ್ತಿದ್ದರು. ಚಿಕ್ಕಮ್ಮನ ತವರು ಕುದೇರು ಎಂದು ತಿಳಿದ ದಿನದಿಂದ ಅವಳಿಗೆ ಅವರಿಟ್ಟ ಹೆಸರು ಕುದೇರಮ್ಮ.

"ಏನ್ ಕುದೇರಮ್ಮ, ಇವತ್ತೂ ಉಪ್ಸಾರೇಯಾ? ವಾಸ್ನೆ ಗ್ವಾಡೆ ಅತ್ಕಂಡ್ ಬತ್ತಾ ಅದೆ."

"ಬರ್ಲಿ ಬುಡಿ, ಅದುಕ್ಕೇನ್ ಟಿಕೀಟಾ? ಬಟ್ಲು ಕೊಡಿ ಇತ್ಲಾಗೆ."

ಬಟ್ಟಲು ಗೋಡೆ ಹತ್ತಿ ಇಳಿಯುತ್ತಿತ್ತು. ಖಾಲಿ ಬಟ್ಟಲು ಹಿಂದಿರುಗುವಾಗ ಅದರಲ್ಲಿ ಒಂದು ಹಿಡಿ ಅವರೆಕಾಯಿಯೋ ಕರಿಬೇವೋ ಇರುತ್ತಿತ್ತು. ನನ್ನನ್ನೂ ಅವರು ಬಿಡುತ್ತಿರಲಿಲ್ಲ. "ಯಾಕಮ್ಮಿ, ಮಾತೇ ಆಡಕಿಲ್ಲ ನೀನು? ಬಾಯ್ನ ಕಾಲೇಜ್ಗೇ ಬಾಡ್ಗೆಗ್ ಕೊಟ್ಬುಟ್ಟಿದ್ದೀಯಾ?" ನಾನು ನಗುತ್ತಿದ್ದೆ. ಅವರು ಮಾತಾಡುವಾಗ ನಮ್ಮ ಮುಖ ನೋಡುತ್ತಿರಲಿಲ್ಲ, ಕೆಳಗೆ ಒಗೆಯುವ ಕಲ್ಲನ್ನು ನೋಡುತ್ತಿದ್ದರು. ವಯಸ್ಸಾದವರ ದೃಷ್ಟಿ ಹಾಗೆ ಎಲ್ಲೋ ನಿಲ್ಲುತ್ತದೆ ಎಂದುಕೊಂಡಿದ್ದೆ.

ಹಿಂಗಾರಿನ ಮಳೆ ಆ ವರ್ಷ ಜೋರಾಗಿ ಬಂತು. ಒಂದು ಸಂಜೆ ನಾನು ಬಸ್ಸಿಳಿದು ಮನೆಗೆ ಬಂದಾಗ ಮುಂಬಾಗಿಲಿನಿಂದ ಕೆಂಪು ನೀರು ಹೊರಗೆ ಹರಿಯುತ್ತಿತ್ತು. ಗೋಡೆಯ ಬುಡದಲ್ಲಿ ತೂತು ಮಾಡಿಕೊಂಡು ಹಿತ್ತಿಲಿಗೆ ನುಗ್ಗಿದ ನೀರು ಹಿಂಬಾಗಿಲಿನಿಂದ ಒಳಗೆ ಬಂದು, ನಡುಮನೆಯನ್ನು ನೇರವಾಗಿ ದಾಟಿ, ಮುಂಬಾಗಿಲಿನಿಂದ ಹೋಗುತ್ತಿತ್ತು. ಎರಡು ಬಾಗಿಲೂ ಒಂದೇ ಗೆರೆಯಲ್ಲಿರಬೇಕೆಂದು ಚಿಕ್ಕಪ್ಪ ಹಟಹಿಡಿದು ಇಡಿಸಿದ್ದರು. ಹಾಗಿದ್ದರೇ ಮನೆಗೆ ಒಳ್ಳೆಯದಂತೆ. ಈಗ ಪ್ಯಾಂಟು ಮಡಚಿಕೊಂಡು ಬಕೆಟ್ಟಿನಲ್ಲಿ ನೀರು ಎತ್ತಿ ಹಾಕುತ್ತಿದ್ದರು. ಅಡುಗೆಮನೆಗಾಗಲಿ, ಮಲಗುವ ಕೋಣೆಗಾಗಲಿ ಒಂದು ಹನಿಯೂ ಹೋಗಿರಲಿಲ್ಲ.

ಮರುದಿನ ದೊಡ್ಡತಾಯಮ್ಮ ಗೋಡೆಯ ಮೇಲಿಂದ ನನ್ನೊಬ್ಬಳನ್ನೇ ಕರೆದರು.

"ನೀರ್ಗೆ ದಾರಿ ಮರ್ತೋಗಿಲ್ಲ ಕಣಮ್ಮಿ."

ಆಮೇಲೆ ಒಂದೊಂದಾಗಿ ಹೇಳಿದರು. ಈ ಜಾಗವೆಲ್ಲ ಹೊಲವಾಗಿದ್ದಾಗ ಹಳೆಯ ಬೀದಿಯಿಂದ ಕೆರೆ ಏರಿಯ ಪಕ್ಕದ ಹೂಳುವ ಜಾಗಕ್ಕೆ ಒಂದು ತಗ್ಗಿನ ಓಣಿಯಿತ್ತು. ಬೀದಿಯವರು ಸತ್ತರೆ ಅಲ್ಲೇ ಹೊತ್ತುಕೊಂಡು ಹೋಗುತ್ತಿದ್ದುದು. ಅರ್ಧ ದಾರಿಯಲ್ಲಿ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಚಟ್ಟ ಇಳಿಸಿ, ತಲೆಯಿದ್ದ ಕಡೆ ಕಾಲು, ಕಾಲಿದ್ದ ಕಡೆ ತಲೆ ಬರುವಂತೆ ತಿರುಗಿಸಿ ಮತ್ತೆ ಎತ್ತಬೇಕು. ಹಾಗೆ ತಿರುಗಿಸಿದರೆ ಹೋದವರಿಗೆ ಮನೆಯ ದಾರಿ ಮರೆತುಹೋಗುತ್ತದೆ. ಅವರು ಮುಂದಕ್ಕೆ ಹೋಗುತ್ತಾರೆ.

ನಮ್ಮ ಮನೆಗೆ ಪಾಯ ತೆಗೆಯುವಾಗ ಅಗಲವಾದ ಒಳ್ಳೆಯ ಕಲ್ಲೊಂದು ಹಿತ್ತಿಲಿನಲ್ಲಿ ಸಿಕ್ಕಿತೆಂದು ಚಿಕ್ಕಪ್ಪ ಹೇಳುತ್ತಿದ್ದರು. ಅದಿದ್ದ ಕಡೆಯೇ ಸಿಮೆಂಟು ಹಾಕಿಸಿ ಬಟ್ಟೆ ಒಗೆಯುವುದಕ್ಕೆ ಮಾಡಿಸಿದ್ದರು.

"ನಮ್ಮ ಯಜಮಾನ್ರು ಓದಾಗ ಗ್ವಾಡೆ ಆಗ್ತಾನೆ ಎದ್ದಿತ್ತು," ಎಂದರು ದೊಡ್ಡತಾಯಮ್ಮ. "ಕಟ್ದೋನೂ ನನ್ ಮಗ್ನೇ. ಗಾರೆ ಕೆಲ್ಸ ಅಲ್ವಾ, ಕರುದ್ರು, ಓದ. ಆಮ್ಯಾಕೆ ಅವ್ರಪ್ಪನ್ನ ದೊಡ್ ರಸ್ತೇಲಿ ಬಳಸ್ಕಂಡ್ ಒತ್ಕಂಡೋದ್ರು. ಬಸ್‌ಸ್ಟ್ಯಾಂಡ್ ಮುಂದೆ ಟಾರ್ ಮ್ಯಾಲೆ ಇಳಿಸುದ್ರು. ಇಂದ್ಗಡೆ ಒಂದು ಬಸ್ನೋನು ಆರನ್ ಒಡ್ದ, ಒಡ್ದ, ಒಡ್ದ. ಎದ್ರಕಂಡು ಅಂಗೇ ಎತ್ಬುಟ್ರು. ತಿರುಗಿಸ್ನೇ ಇಲ್ಲ ಕಣಮ್ಮಿ."

ಗೋಡೆಯ ನೆತ್ತಿಯನ್ನು ಅಂಗೈಯಿಂದ ಸವರಿದರು.

"ಸಂಜೆ ವತ್ನಲ್ಲಿ ಬತ್ತಾರೆ. ಒಳಿಕ್ ಬರಕಿಲ್ಲ. ಇದೇ ಗ್ವಾಡೆ ತಾವ ನಿಂತ್ಕತಾರೆ. ಆಮ್ಯಾಲ್ ಸತ್ತೋರೂವೆ ನಿಂತ್ಕತಾರೆ. ಏನ್ ಮಾಡಾರು, ದಾರಿ ನಿಮ್ಮ ನಡುಮನೇಲ್ ಅದೆ."

ಇದನ್ನು ಅವರು ಹೆದರಿಸುವುದಕ್ಕೆ ಹೇಳಲಿಲ್ಲ. ನೀರು ಯಾವಾಗ ಬಿಡುತ್ತಾರೆ, ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ದನಿಯಲ್ಲೇ ಹೇಳಿದರು.

ನಾನು ಮನೆಯಲ್ಲಿ ಯಾರಿಗೂ ತಿಳಿಸಲಿಲ್ಲ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಚಿಕ್ಕಮ್ಮ ಬಸುರಿಯಾಗಿದ್ದಳು. ಅವಳ ಕಿವಿಗೆ ಇದು ಬೀಳಬಾರದೆನಿಸಿತು. ನನ್ನ ಬಟ್ಟೆಯನ್ನು ಮಾತ್ರ ಬಚ್ಚಲಿನಲ್ಲೇ ಒಗೆದುಕೊಳ್ಳಲು ಶುರುಮಾಡಿದೆ.

"ಯಾಕೆ, ಹಿತ್ಲಲ್ಲಿ ಹಾವೇನಾದ್ರೂ ಕಂಡ್ಯಾ?" ಎಂದು ಚಿಕ್ಕಮ್ಮ ಕೇಳಿದಳು.

"ಬಿಸಿಲು," ಎಂದೆ.

ಮೋಡ ಕವಿದ ದಿನ ಅದು. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಬಕೆಟ್ಟು ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ಆಮೇಲೆ ನಾನು ಮನೆಯನ್ನು ಬೇರೆ ಥರ ನೋಡತೊಡಗಿದೆ. ಹಿಂಬಾಗಿಲಿನಿಂದ ಮುಂಬಾಗಿಲಿನವರೆಗೆ ನೆಲದ ಮೇಲೆ ಒಂದು ತಣ್ಣನೆಯ ಪಟ್ಟೆಯಿತ್ತು. ಚಿಲಕ ಹಾಕಿದ್ದರೂ ಅಷ್ಟಗಲ ಮಾತ್ರ ರೆಡ್‌ಆಕ್ಸೈಡ್ ನೆಲ ಅಂಗಾಲಿಗೆ ತಂಪಾಗಿ ತಾಗುತ್ತಿತ್ತು. ಚಾಪೆ ಹಾಸುವಾಗ ಚಿಕ್ಕಮ್ಮ ನಡುಮನೆಯ ನಡುವನ್ನು ಯಾವಾಗಲೂ ಬಿಟ್ಟು, ಗೋಡೆಯ ಮಗ್ಗುಲಿಗೆ ಹಾಸುತ್ತಿದ್ದಳು. "ಗಾಳಿ ಬರ್ಲಿ ಅಂತ," ಎನ್ನುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಹಿತ್ತಿಲಿಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟೆ. ಗೋಡೆಯ ಕಡೆ ಮುಖ ಮಾಡಿ ಕೂರುವುದೂ ಕಷ್ಟವಾಗುತ್ತಿತ್ತು.

ಕಾಲೇಜಿನಲ್ಲಿ ಊರುಗಳ ಬೆಳವಣಿಗೆಯ ಪಾಠ. ಬೋರ್ಡಿನ ಮೇಲೆ ಒಂದು ಊರು ಬರೆದು, ಸುತ್ತ ಹೊಸ ಬಡಾವಣೆಗಳನ್ನು ಬರೆದು, ರಸ್ತೆಗಳು ಒಂದಕ್ಕೊಂದು ಸೇರದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಹಂಗಳದಿಂದ ಬರುತ್ತಿದ್ದ ಒಬ್ಬಳು ಹುಡುಗಿ ಎದ್ದು ನಿಂತಳು.

"ಮಿಸ್, ನಮ್ಮೂರ್ ತಾವ ಆನೆ ಓಗೋ ದಾರೀಲಿ ಒಬ್ರು ಬೇಲಿ ಹಾಕುದ್ರು."

"ಕಿತ್ತಾಕ್ತಾ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಇಲ್ಲ. ವತ್ತಾರೆ ಎದ್ ನೋಡುದ್ರೆ ಬೇಲಿ ತಾವ ಬಂದು ಸುಮ್ನೆ ನಿಂತಿರ್ತದೆ. ಅಷ್ಟೇಯ."

ಕ್ಲಾಸು ನಕ್ಕಿತು. ನಾನು ಸೀಮೆಸುಣ್ಣ ಕೆಳಗಿಟ್ಟು ಉಳಿದ ಪಾಠವನ್ನು ಕೂತೇ ಮುಗಿಸಿದೆ.

ಸಂಕ್ರಾಂತಿ ಕಳೆದ ಮೇಲೆ ಗೋಡೆಯ ಮೇಲೆ ತಲೆ ಕಾಣಿಸುವುದು ನಿಂತಿತು. ದೊಡ್ಡತಾಯಮ್ಮ ಹಾಸಿಗೆ ಹಿಡಿದಿದ್ದರು. ನಾನೂ ಚಿಕ್ಕಮ್ಮನೂ ನೋಡಲು ಹೋದೆವು. ಕೈಚಾಚಿದರೆ ಮುಟ್ಟುವಷ್ಟು ಹತ್ತಿರದ ಮನೆಗೆ ಬಡಾವಣೆಯ ಕಮಾನು ದಾಟಿ, ದೊಡ್ಡ ರಸ್ತೆ ಹಿಡಿದು, ಬಸ್ ಸ್ಟ್ಯಾಂಡು ಬಳಸಿ ಹೋಗುವಾಗ ಚಿಕ್ಕಮ್ಮನಿಗೆ ಏದುಸಿರು ಬಂದು ಎರಡು ಕಡೆ ಕೂತಳು.

ಅವರ ಮಂಚ ನಮ್ಮ ಗೋಡೆಗೇ ಒತ್ತಿಕೊಂಡಿತ್ತು. "ನೀ ಬಟ್ಟೆ ಕುಕ್ಕೋ ಸದ್ದು ಇಲ್ಲಿಗಂಟ ಕೇಳುಸ್ತದೆ ಕುದೇರಮ್ಮ," ಎಂದರು. ಚಿಕ್ಕಮ್ಮ ತಲೆ ತಗ್ಗಿಸಿದಳು. ಮಗ ಮಾದೇವ ಬಾಗಿಲಲ್ಲಿ ನಿಂತಿದ್ದ.

"ನನ್ನ ಬಸ್‌ಸ್ಟ್ಯಾಂಡ್ ತಾವ ಇಳಿಸ್ಬ್ಯಾಡ ಕಣ್ಲಾ ಮಾದೇವ."

"ಸುಮ್ಕಿರವ್ವ. ನೂರ್ ವರ್ಷ ಇರ್ತೀಯೆ."

"ನೂರ್ ವರ್ಷ ಇದ್ದು ನೀ ಕಟ್ಟಿರೋ ಗ್ವಾಡೆ ನೋಡ್ಕಂಡ್ ಕೂತ್ಕಳದ್ಲಾ?" ಎಂದು ನಕ್ಕರು. ಆಮೇಲೆ ನಗದೆ ಹೇಳಿದರು: "ನಾನಂತೂ ಆ ಗ್ವಾಡೆ ತಾವ ನಿಂತ್ಕಳಕಿಲ್ಲ. ನಂಗೆ ಕಾಲ್ನೋವು."

ಊರ ಸುತ್ತ ಅರಿಶಿನ ಬೇಯುತ್ತಿದ್ದ ದಿನಗಳಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಗೋಡೆಯಾಚೆಯಿಂದ ಹೆಂಗಸರ ಅಳು ಕೇಳಿಸಿತು. ಚಿಕ್ಕಪ್ಪ ಕನ್ನಡಿ ಮುಂದೆ ಗಡ್ಡ ಕೆರೆದುಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಮಾದೇವ ಬೀದಿಯ ಹಿರಿಯರೊಬ್ಬರನ್ನು ಕರೆದುಕೊಂಡು, ಊರೆಲ್ಲ ಬಳಸಿ, ನಮ್ಮ ಗೇಟಿನ ಹೊರಗೆ ಬಂದು ನಿಂತ.

"ನಮ್ಮವ್ವ ಓದ್ಲು ಸಾ. ಆ ಕಲ್ಲ ಕಿತ್ಕೊಡಿ. ಆಮ್ಯಾಕ್ ಬಂದು ನಾನೇ ಹೊಸ ಕಲ್ಲ ಹಾಕ್ಕೊಡ್ತೀನಿ."

"ಯಾವ ಕಲ್ಲು?" ಎಂದರು ಚಿಕ್ಕಪ್ಪ.

ಹಿರಿಯರು ಮಾದೇವನ ಮಾತು ತಡೆದರು. "ಕಿತ್ರೆ ಅದು ಬರೀ ಕಲ್ಲಾಯ್ತದೆ ಕಣ್ಲಾ. ಅದು ಇರೋ ತಾವ್ಲೇ ಇಳಿಸ್ಬೇಕು." ಚಿಕ್ಕಪ್ಪನಿಗೆ ಎಲ್ಲವನ್ನೂ ವಿವರಿಸಿದರು. ಕಲ್ಲಿನ ಹತ್ತಿರ ಬರಬೇಕಾದರೆ ಗೋಡೆ ಬಿಚ್ಚಬೇಕು. ಅಲ್ಲಿಂದ ಮುಂದಕ್ಕೆ ಹೋಗಬೇಕಾದರೆ ಮನೆಯೊಳಗಿಂದಲೇ ಹೋಗಬೇಕು. ಪಕ್ಕದ ಮನೆಗೂ ನಮಗೂ ನಡುವೆ ಇದ್ದದ್ದು ಒಬ್ಬರು ಅಡ್ಡವಾಗಿ ನುಸುಳುವಷ್ಟು ಸಂದು. ಎದುರಿನ ಸೈಟು ಇನ್ನೂ ಖಾಲಿ. ಅದನ್ನು ದಾಟಿದರೆ ಕೆರೆ ಏರಿ.

ಚಿಕ್ಕಪ್ಪನ ಮುಖದ ಅರ್ಧಕ್ಕೆ ಸೋಪಿನ ನೊರೆ ಹಾಗೇ ಇತ್ತು.

"ಏನ್ ಕೇಳ್ತಿದ್ದೀರಾ ಅಂತ ಗೊತ್ತೇನಯ್ಯಾ ನಿಮಗೆ? ಗೃಹಪ್ರವೇಶ ಆಗಿ ವರ್ಷ ತುಂಬಿಲ್ಲ. ಬಸುರಿ ಇರೋ ಮನೆ. ಇದರೊಳಗೆ ಹೆಣ ತರ್ತೀನಿ ಅಂತೀರಲ್ಲ!"

ಮಾದೇವ ಗೇಟು ಹಿಡಿದುಕೊಂಡು ನೆಲ ನೋಡಿದ. ಇನ್ನೊಮ್ಮೆ ಕೇಳಲಿಲ್ಲ. ಹಿರಿಯರು ಅವನ ಭುಜದ ಮೇಲೆ ಕೈಯಿಟ್ಟು, "ನಡಿಯಪ್ಪ, ಬಸ್‌ಸ್ಟ್ಯಾಂಡ್ ಕಡಿಂದ್ಲೇ ಓಗನ," ಎಂದರು.

"ನಿಂತ್ಕಳಿ," ಎಂದು ಚಿಕ್ಕಮ್ಮನ ದನಿ ಬಂತು. ನನ್ನ ಹಿಂದೆ ಅವಳು ಯಾವಾಗ ಬಂದು ನಿಂತಿದ್ದಳೋ ತಿಳಿಯದು. "ಎರಡು ಬಾಗ್ಲೂ ತೆಗೀರಿ," ಎಂದಳು ಚಿಕ್ಕಪ್ಪನಿಗೆ.

"ನೀನು ಒಳಗೆ ಹೋಗು."

"ಹೋಗ್ತೀನಿ. ತೆಗೆದ್ಮೇಲೆ."

"ಹೊಟ್ಟೇಲಿರೋದರ ಯೋಚ್ನೆ ಇಲ್ವಾ ನಿಂಗೆ?"

"ಅದ್ರದ್ದೇ ಯೋಚ್ನೆ. ಅದೇನ್ ಕಲ್ಲು ಅಂತ ನಂಗ್ ಗೊತ್ತಿಲ್ಲ ಅಂದ್ಕಂಡ್ರಾ? ಬಂದ ಮೂರ್ನೇ ದಿನಾನೇ ಆಯಮ್ಮ ಹೇಳುದ್ರು. ದಿನಾ ಮೂಲೇಗೊಂದ್ ಚೂರು ಅರ್ಶ್ನ ಹಚ್ಚಿ, ತಪ್ಪಾಯ್ತು ಅಂತ ಕೇಳ್ಕಂಡೇ ನಿಮ್ ಶರಟು ಕುಕ್ತೀನಿ. ನಾಳೆ ನನ್ ಮಗು ಈ ನಡುಮನೇಲಿ ಅಂಬೆಗಾಲಿಡ್ಬೇಕು. ದಾರಿ ಕಾಯ್ಕಂಡ್ ನಿಂತಿರೋರ ಮುಂದೆ ಇಡ್ಬೇಕಾ ಅದು?"

ಚಿಕ್ಕಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒಳಗಿನಿಂದ ಒಂದು ಕುರ್ಚಿ ತಂದು ಮುಂಬಾಗಿಲಿನಲ್ಲಿಟ್ಟು, ಹತ್ತಿ ನಿಂತು, ಒಣಗಿದ ತೋರಣವನ್ನು ಬಿಚ್ಚಿದರು. ಎಲೆಗಳು ಪುಡಿಪುಡಿಯಾಗಿ ಅವರ ತಲೆಯ ಮೇಲೆ ಉದುರಿದವು. ಆಮೇಲೆ ದೇವರ ಕೋಣೆಯ ಬಾಗಿಲು ಮುಚ್ಚಿ, ನಡುಮನೆಯ ಮೇಜು ಕುರ್ಚಿಗಳನ್ನು ಗೋಡೆಗೆ ಸರಿಸಿದರು.

ಮಾದೇವನೇ ಹಾರೆ ಹಿಡಿದು ಗೋಡೆ ಬಿಚ್ಚಿದ. ಒಡೆಯಲಿಲ್ಲ; ತಾನಿಟ್ಟಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ಸಡಿಲಿಸಿ ಪಕ್ಕದಲ್ಲಿ ಜೋಡಿಸಿದ. ಅಡುಗೆಮನೆಯ ಕಿಟಕಿಯಿಂದ ನಾನು ನೋಡುತ್ತಿದ್ದೆ. ಬಿಚ್ಚಿದ ಗೋಡೆಯ ಸಂದಿನಿಂದ ಬಂದದ್ದು ಹೊರುವವರು, ಮಡಕೆ ಹಿಡಿದವನು, ತಮಟೆಯವರಿಬ್ಬರು, ಒಬ್ಬಿಬ್ಬರು ಹಿರಿಯರು, ಅಷ್ಟೆ. ಉಳಿದವರು ದೊಡ್ಡ ರಸ್ತೆ ಬಳಸಿ ಬಂದು ಎದುರಿನ ಸೈಟಿನಲ್ಲಿ ಕಾಯುವುದೆಂದು ಮಾತಾಗಿತ್ತು. ಹಿತ್ತಿಲಿಗೆ ಬಂದ ಕೂಡಲೇ ತಮಟೆ ನಿಲ್ಲಿಸಿದರು. ಚಟ್ಟವನ್ನು ಕಲ್ಲಿನ ಮೇಲೆ ಇಳಿಸಿದರು. ಯಾರೂ ಅವಸರ ಮಾಡಲಿಲ್ಲ. ದೊಡ್ಡತಾಯಮ್ಮನ ತಲೆ ನಿಧಾನವಾಗಿ ನಮ್ಮ ಮನೆಯ ಕಡೆಯಿಂದ ಅವರ ಮನೆಯ ಕಡೆಗೆ ತಿರುಗಿತು.

ಬಸುರಿ ನೋಡಬಾರದೆಂದು ನಾನು ಕಿಟಕಿ ಮುಚ್ಚಿ, ಅಡುಗೆಮನೆಯ ಬಾಗಿಲನ್ನೂ ಹಾಕಿದೆ. ಚಿಕ್ಕಮ್ಮ ಅಡಕೆಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ಕೆಳಗೆ ಕೂತಿದ್ದಳು. ಅಂಥ ಹೊತ್ತಿನಲ್ಲಿ ಮೈಮೇಲೆ ಕಬ್ಬಿಣ ಇರಬೇಕು. ನಾನು ಅವಳ ಪಕ್ಕ ಕೂತೆ.

ಬಾಗಿಲಾಚೆ ಹೆಜ್ಜೆಗಳು ಶುರುವಾದವು. ಭಾರ ಹೊತ್ತವರ ಬರಿಗಾಲು, ನುಣುಪು ನೆಲದ ಮೇಲೆ ಅಂಟಿ ಅಂಟಿ ಬಿಡುವ ಸದ್ದು. ಅವು ಹಾದುಹೋದವು. ಹೊರಗೆ, ಎದುರಿನ ಸೈಟಿನಲ್ಲಿ, ತಮಟೆ ಮತ್ತೆ ಎದ್ದಿತು. ಅಂದರೆ ಅವರು ಮನೆ ದಾಟಿದ್ದರು.

ಹೆಜ್ಜೆಗಳು ನಿಲ್ಲಲಿಲ್ಲ.

ಭಾರವಿಲ್ಲದ, ಅವಸರವಿಲ್ಲದ ಕಾಲುಗಳು. ಒಂದರ ಹಿಂದೆ ಒಂದು, ನಡುವೆ ಒಂದಿಷ್ಟು ಅಂತರ ಬಿಟ್ಟುಕೊಂಡು. ಬಾಗಿಲ ಕೆಳಗಿನ ಸಂದಿನಿಂದ ತಣ್ಣನೆಯ ಗಾಳಿ ನನ್ನ ಬೆರಳಿಗೆ ತಾಗುತ್ತಿತ್ತು. ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡಳು. ಹೆಜ್ಜೆ ಬಿದ್ದಾಗಲೆಲ್ಲ ಅವಳ ಹಿಡಿತ ಬಿಗಿಯಾಗುತ್ತಿತ್ತು. ಹಾಗಾಗಿ ಅವಳಿಗೂ ಕೇಳಿಸುತ್ತಿದೆ ಎಂದು ನನಗೆ ತಿಳಿಯಿತು. ತಮಟೆ ಕೆರೆ ಏರಿಯ ಕಡೆ ದೂರವಾಯಿತು. ಕೊನೆಗೆ ಒಂದು ಕಾಲು ಎಳೆದಂತೆ ಹಾದುಹೋಯಿತು. ಆಮೇಲೆ ಏನೂ ಇಲ್ಲ.

"ಎಲ್ರೂ ಓದ್ರಾ?" ಎಂದು ಅವಳು ಮೆಲ್ಲಗೆ ಕೇಳಿದಳು. ನನ್ನ ಜೊತೆ ಅವಳು ತವರಿನ ಮಾತಿನಲ್ಲಿ ಮಾತಾಡಿದ್ದು ಅದೇ ಮೊದಲು.

"ಹೂಂ," ಎಂದೆ.

ನಾವಿಬ್ಬರೂ ಅದರ ಬಗ್ಗೆ ಮತ್ತೆ ಮಾತಾಡಿಲ್ಲ. ತಿಥಿ ಮುಗಿದ ಮೇಲೆ ಮಾದೇವ ಬಂದು ಅದೇ ಇಟ್ಟಿಗೆಗಳಿಂದ ಗೋಡೆ ಮುಚ್ಚಿದ. ಚಿಕ್ಕಮ್ಮನಿಗೆ ಹೆಣ್ಣುಮಗುವಾಯಿತು. ನನ್ನ ಕೆಲಸದ ಅವಧಿ ಮುಗಿದು ನಾನು ಮೈಸೂರಿಗೆ ಹಿಂದಿರುಗಿದೆ.

ಹೋದ ತಿಂಗಳು ಬಸ್ಸಿಳಿದು ಆ ಮನೆಗೆ ಹೋದಾಗ ಎದುರಿನ ಸೈಟಿನಲ್ಲಿ ಎರಡಂತಸ್ತಿನ ಮನೆ ಎದ್ದಿತ್ತು. ಅದರ ಹಿಂದೆ ಇನ್ನೊಂದು ಬಡಾವಣೆಯ ಗೋಡೆ. ಕೆರೆ ಏರಿ ಕಾಣಿಸುವುದಿಲ್ಲ. ನಮ್ಮ ನಡುಮನೆಯಲ್ಲಿ, ಎರಡು ಬಾಗಿಲುಗಳ ನೇರಕ್ಕೆ, ಚಾಪೆಯ ಮೇಲೆ ಮಗು ಮಲಗಿತ್ತು. ನಾನು ಚಪ್ಪಲಿ ಬಿಟ್ಟು ಅಂಗಾಲಿನಿಂದ ನೆಲ ಮುಟ್ಟಿ ನೋಡಿದೆ; ಎಲ್ಲ ಕಡೆ ಒಂದೇ ಥರ ಇತ್ತು. ಹಳೆಯ ಬೀದಿಯಲ್ಲಿ ಆಮೇಲೆ ಮೂವರು ಹೋದರಂತೆ. ಅವರನ್ನು ಯಾವ ದಾರಿಯಲ್ಲಿ ಕರೆದೊಯ್ದರೆಂದು ನಾನು ಕೇಳಲಿಲ್ಲ. ಎದುರು ಮನೆಯ ಹೆಂಗಸು ಸಂಜೆ ಹೊತ್ತು ತನ್ನ ಹಿತ್ತಿಲಿಗೆ ಹೋಗುವುದಿಲ್ಲವೆಂದು ಚಿಕ್ಕಮ್ಮ ಹೇಳಿದಳು. ಯಾಕೆ ಎಂದು ಅವಳೂ ಹೇಳಲಿಲ್ಲ.

ದೊಡ್ಡತಾಯಮ್ಮ ಹೋದ ಮರುದಿನ ಬೆಳಿಗ್ಗೆ ನಾನು ಬೇಗ ಎದ್ದಿದ್ದೆ. ಹಿಂದಿನ ಸಂಜೆ ಚಿಕ್ಕಪ್ಪ ತಾವೇ ನೀರು ಹೊತ್ತು ನಡುಮನೆ ತೊಳೆದಿದ್ದರೂ ಹೊಸ್ತಿಲ ಸಂದಿನಲ್ಲಿ ಒಂದೆರಡು ಪುರಿ, ಚೆಂಡು ಹೂವಿನ ಒಂದು ಎಸಳು ಉಳಿದಿದ್ದವು. ಅವನ್ನು ತೆಗೆಯಲಿಲ್ಲ. ಬಚ್ಚಲಿನಲ್ಲಿ ನೆನೆಸಿಟ್ಟಿದ್ದ ನನ್ನ ಬಟ್ಟೆಯ ಬಕೆಟ್ಟನ್ನು ಹಿತ್ತಿಲಿಗೆ ಹೊತ್ತುಕೊಂಡು ಹೋದೆ. ಬಿಚ್ಚಿದ ಗೋಡೆಯಾಚೆ ಮಗುಚಿದ ಒರಳು ಬಿಸಿಲಿಗೆ ಕೂತಿತ್ತು. ಅಡುಗೆಮನೆಯಿಂದ ಒಂದು ಚಿಟಿಕೆ ಅರಿಶಿನ ತಂದು, ನೀರಲ್ಲಿ ಕಲಸಿ, ಕಲ್ಲಿನ ಬಲಮೂಲೆಗೆ ಹಚ್ಚಿದೆ. ಆಮೇಲೆ ಬಟ್ಟೆ ಒಗೆದು, ಹರವಿ, ಗುಂಡ್ಲುಪೇಟೆಯ ಬಸ್ಸಿಗೆ ಹೊರಟೆ. ಹೋಗುವಾಗ ಎರಡು ಬಾಗಿಲನ್ನೂ ತೆರೆದೇ ಬಿಟ್ಟೆ.